ನಿಂತ ಮನುಷ್ಯಾಕೃತಿ, ಅಮೂರ್ತ, ಉಕ್ಕಿನಲ್ಲಿ: ಚಿಕ್ಕ ಮಾದರಿ ನಿಲ್ಲುತ್ತೆ, ದೊಡ್ಡದು ಯಾಕೆ ತೂಗಾಡುತ್ತೆ?

ತಗಡುರೇಖೆ

ನಮಸ್ಕಾರ. ಕೆಲಸ ಇದು: 160 ಸೆಂ.ಮೀ. ಎತ್ತರದ ನಿಂತ ಹೆಣ್ಣಿನ ಆಕೃತಿ, ಮೈಲ್ಡ್ ಸ್ಟೀಲ್ (ಸಾಮಾನ್ಯ ಮೆದು ಉಕ್ಕು). ಚಿಕ್ಕ ಮಾದರಿ 32 ಸೆಂ.ಮೀ., ರಟ್ಟು ಮತ್ತು 2 ಮಿ.ಮೀ. ತಂತಿಯದ್ದು, ಚೆನ್ನಾಗಿಯೇ ನಿಲ್ಲುತ್ತದೆ. ಅದನ್ನು ಐದು ಪಟ್ಟು ಹಿಗ್ಗಿಸಿದಾಗ 10 ಮಿ.ಮೀ. ದುಂಡು ಸರಳು ಸುಮಾರು 14 ಮೀಟರ್, 2 ಮಿ.ಮೀ. ತಗಡು ಸುಮಾರು 0.9 ಚದರ ಮೀಟರ್ ಬೇಕಾಗುತ್ತದೆ. ಭಾರವೆಲ್ಲ ಬಲಗಾಲಿನ ಮೇಲೆ, ಎಡಗಾಲಿನ ತುದಿ ಮಾತ್ರ ನೆಲಕ್ಕೆ ತಾಗಿರುತ್ತದೆ. ಎದೆಯ ಜಾಗ ಖಾಲಿ, ಮುಖಕ್ಕೆ ಬಾಗಿದ ಒಂದೇ ತಗಡು. ಇಡುವುದು ಬಯಲಿನಲ್ಲಿ.

ಮೂರು ಪ್ರಶ್ನೆ. ಸರಳುಗಳನ್ನು ಟ್ಯಾಕ್ (ಚುಕ್ಕೆಯಂಥ ತಾತ್ಕಾಲಿಕ ಬೆಸುಗೆ) ಹಾಕಿ ನಿಲ್ಲಿಸಿದರೆ ಮೇಲ್ಭಾಗ ತೂಗಾಡುತ್ತದೆ, ಯಾಕೆ? ತಗಡು ಸೇರಿದ ಮೇಲೆ ಮನುಷ್ಯರ ಬದಲು ರೋಬೋಟ್ ಕಾಣುತ್ತದೆ, ತಪ್ಪು ಎಲ್ಲಿದೆ? ಮೈಯನ್ನು ತುಕ್ಕಿನ ಬಣ್ಣದಲ್ಲೇ ಬಿಡಬಹುದಾ? ಸ್ವಿಸ್ ಶಿಲ್ಪಿ ಜಾಕೊಮೆಟ್ಟಿಯ ಆಕೃತಿಗಳು ಇದಕ್ಕಿಂತ ಸಪೂರ ಇದ್ದೂ ನಿಂತಿವೆಯಲ್ಲ ಅನ್ನೋದು ಬೇರೆ ಕೊರೀತಾ ಇದೆ.

ಅಡಿಪಾಯ

ಮೊದಲನೆಯದಕ್ಕೆ ಉತ್ತರ ಲೆಕ್ಕದಲ್ಲೇ ಇದೆ. ಎಲ್ಲ ಅಳತೆಯೂ ಐದು ಪಟ್ಟಾದರೆ ತೂಕ 125 ಪಟ್ಟು ಆಗುತ್ತದೆ; ಅದನ್ನು ಹೊರುವ ಸರಳಿನ ಅಡ್ಡಕೊಯ್ತ ಬೆಳೆಯುವುದು 25 ಪಟ್ಟು ಮಾತ್ರ. ಸಾಲದ್ದಕ್ಕೆ ರಟ್ಟಿದ್ದ ಜಾಗಕ್ಕೆ ಉಕ್ಕು ಬಂದಿದೆ. ಚಿಕ್ಕ ಮಾದರಿ ಆಕಾರಕ್ಕೆ ಸಾಕ್ಷಿ, ಗಟ್ಟಿತನಕ್ಕಲ್ಲ.

ನಿಮ್ಮ ಅಂಕಿಯನ್ನೇ ಇಟ್ಟುಕೊಳ್ಳೋಣ. ದುಂಡು ಸರಳಿನ ವ್ಯಾಸವನ್ನು ಮಿ.ಮೀ.ನಲ್ಲಿ ವರ್ಗ ಮಾಡಿ 162ರಿಂದ ಭಾಗಿಸಿದರೆ ಮೀಟರಿಗೆ ಎಷ್ಟು ಕೆ.ಜಿ. ಅಂತ ಸಿಗುತ್ತದೆ. 10 ಮಿ.ಮೀ.ಗೆ 0.617, ಹದಿನಾಲ್ಕು ಮೀಟರಿಗೆ 8.6 ಕೆ.ಜಿ. ತಗಡು ಪ್ರತಿ ಮಿ.ಮೀ. ದಪ್ಪಕ್ಕೆ ಚದರ ಮೀಟರಿಗೆ 7.85 ಕೆ.ಜಿ.; ನಿಮ್ಮದು 14.1. ಒಟ್ಟು 23 ಕೆ.ಜಿ. ಹತ್ತಿರ. ಈ ಭಾರದ ಕೇಂದ್ರ ನಿಂತ ಕಾಲಿನ ಹರಡಿಗಿಂತ (ಪಾದದ ಮೇಲಿನ ಕೀಲು) 10 ಸೆಂ.ಮೀ. ಪಕ್ಕಕ್ಕೆ ಬಿದ್ದಿದೆ ಅಂದುಕೊಳ್ಳಿ. ಹರಡಿನಲ್ಲಿ ಬಗ್ಗಿಸುವ ಬಲ ಸುಮಾರು 22.5 ನ್ಯೂಟನ್ ಮೀಟರ್. ಒಂಟಿ 10 ಮಿ.ಮೀ. ಸರಳಿನ ಮೇಲೆ ಅದು ಪ್ರತಿ ಚದರ ಮಿ.ಮೀ.ಗೆ 230 ನ್ಯೂಟನ್ ಒತ್ತಡ. ಮೈಲ್ಡ್ ಸ್ಟೀಲ್ ಬಾಗಿ ಹಾಗೇ ಉಳಿಯಲು ಶುರುವಾಗುವುದು 250ರ ಆಸುಪಾಸಿನಲ್ಲಿ. ಯಾರೂ ಮುಟ್ಟಿಲ್ಲ, ಗಾಳಿ ಬೀಸಿಲ್ಲ, ಆಗಲೇ ಸರಳು ಕೊನೆಯ ಮೆಟ್ಟಿಲಲ್ಲಿದೆ.

ಈಗ ಯಾರೋ 140 ಸೆಂ.ಮೀ. ಎತ್ತರದಲ್ಲಿ ಭುಜಕ್ಕೆ ಕೈಯೂರಿ 20 ಕೆ.ಜಿ.ಯಷ್ಟು ತಳ್ಳಲಿ (ಬಯಲಲ್ಲಿಟ್ಟರೆ ತಳ್ಳೇ ತಳ್ಳುತ್ತಾರೆ). ಹರಡಿನಲ್ಲಿ 275 ನ್ಯೂಟನ್ ಮೀಟರ್. 16 ಮಿ.ಮೀ. ಸರಳಿದ್ದರೂ ಒತ್ತಡ 680 ದಾಟುತ್ತದೆ, ಅಂದರೆ ಮಡಚಿತು. 30 ಮಿ.ಮೀ. ಗಟ್ಟಿ ಸರಳಿಗೆ 104. ಹೊರವ್ಯಾಸ 42.4, ಗೋಡೆ 3.2 ಮಿ.ಮೀ. ಇರುವ ಪೈಪಿಗೆ 77 ಮಾತ್ರ, ತೂಕವೂ ಮೀಟರಿಗೆ ಮೂರೇ ಕೆ.ಜಿ. ಹಾಗಾಗಿ ಹರಡಿನಿಂದ ಮಂಡಿಯವರೆಗೆ ಈ ಪೈಪು, ಮಂಡಿಯಿಂದ ಸೊಂಟಕ್ಕೆ 33.7 ವ್ಯಾಸದ ಪೈಪು. 10 ಮಿ.ಮೀ. ಸರಳುಗಳ ಆಟವೆಲ್ಲ ಸೊಂಟದಿಂದ ಮೇಲೆ.

ಅಲ್ಲೂ ಒಂದು ಮಾತು: ಮೂರು ಸರಳು ಅಕ್ಕಪಕ್ಕ ನಿಂತ ಮಾತ್ರಕ್ಕೆ ಒಟ್ಟಿಗೆ ದುಡಿಯುವುದಿಲ್ಲ. 20-25 ಸೆಂ.ಮೀ.ಗೊಮ್ಮೆ ಅಡ್ಡ ಕಟ್ಟಬೇಕು. ಅದಕ್ಕೆ ಬೇರೆ ತುಂಡು ಬೇಡ, ನಿಮ್ಮ ತಗಡುಗಳೇ ಆ ಕಟ್ಟು. ತಗಡು ಎಲ್ಲಿ ಬರಬೇಕು ಎನ್ನುವುದನ್ನು ಕಣ್ಣಿನ ಜೊತೆ ಇದೂ ತೀರ್ಮಾನಿಸಲಿ.

ಮೇಣದಚ್ಚು

ಜಾಕೊಮೆಟ್ಟಿಯ ವಿಷಯ ಮೊದಲು ಸರಿ ಮಾಡಿಕೊಳ್ಳೋಣ. ಅವು ಬೆಸುಗೆ ಹಾಕಿದ ಸರಳುಗಳಲ್ಲ. ಒಳಗೆ ತಂತಿಯ ಚೌಕಟ್ಟು, ಅದರ ಮೇಲೆ ಜೇಡಿಮಣ್ಣು ಇಲ್ಲವೇ ಪ್ಲಾಸ್ಟರ್ ಒತ್ತಿ ಕೆರೆದು ಮಾಡಿದವು, ಆಮೇಲೆ ಕಂಚಿನಲ್ಲಿ ಎರಕ ಹೊಯ್ದವು. 1960ರ 'ನಡೆಯುವ ಮನುಷ್ಯ' 183 ಸೆಂ.ಮೀ. ಇದೆ. ಅದರ ಪಾದಗಳನ್ನು ನೋಡಿ: ದೇಹಕ್ಕೆ ಹೋಲಿಸಿದರೆ ಭಾರಿ ದೊಡ್ಡವು, ಪೀಠದ ಜೊತೆ ಒಂದೇ ಲೋಹವಾಗಿ ಬೆರೆತಿವೆ. ಎರಡು ಕಾಲೂ ಅಗಲವಾಗಿ ಪೀಠಕ್ಕೆ ಕೂಡಿವೆ. ಅಡಿಪಾಯ ಅವರು ಹರಡಿನ ಬಗ್ಗೆ ಹೇಳಿದ್ದಕ್ಕೆ ಶಿಲ್ಪಿ ಕೊಟ್ಟ ಉತ್ತರ ಅದು, ಮತ್ತೆ ಆ ಪಾದವೇ ಆಕೃತಿಗೆ ನೆಲಕ್ಕಂಟಿದ ಗುಣ ತಂದಿದೆ.

ಖಾಲಿಜಾಗ

ರೋಬೋಟ್ ಕಾಣುವುದಕ್ಕೆ ಕಾರಣ ಬಹುತೇಕ ಯಾವಾಗಲೂ ಒಂದೇ: ಭುಜದ ಗೆರೆ, ಸೊಂಟದ ಗೆರೆ ಸಮಾನಾಂತರವಾಗಿರುವುದು. ಒಂದೇ ಕಾಲಿನ ಮೇಲೆ ನಿಂತ ದೇಹದಲ್ಲಿ ಆ ಕಡೆಯ ಸೊಂಟ ಏಳುತ್ತದೆ, ಅದೇ ಕಡೆಯ ಭುಜ ಇಳಿಯುತ್ತದೆ, ಬೆನ್ನು ನಡುವೆ ಬಾಗಿ ಎರಡನ್ನೂ ಕೂಡಿಸುತ್ತದೆ. ಭುಜದ ಅಗಲ 36 ಸೆಂ.ಮೀ. ಇದ್ದರೆ ಎಂಟು ಡಿಗ್ರಿ ಓರೆಗೆ ಒಂದು ತುದಿ ಇನ್ನೊಂದಕ್ಕಿಂತ 5 ಸೆಂ.ಮೀ. ಕೆಳಗೆ ಬರುತ್ತದೆ. ಅಮೂರ್ತದಲ್ಲಿ ಮೂಗು ಕಣ್ಣು ಬೆರಳು ಯಾವುದೂ ಇಲ್ಲ. ಈ ಓರೆ ಒಂದೇ ಮನುಷ್ಯತ್ವದ ಗುರುತು. ಅದಕ್ಕೆ ಹನ್ನೆರಡು ಡಿಗ್ರಿವರೆಗೂ ಧೈರ್ಯವಾಗಿ ಹೋಗಿ.

ಇನ್ನೊಂದು ಪರೀಕ್ಷೆ. ಕತ್ತಿನ ಗುಳಿ ಇರುವ ಜಾಗದಿಂದ ದಾರಕ್ಕೆ ಗುಂಡು ಕಟ್ಟಿ ಇಳಿಬಿಡಿ. ಅದು ನಿಂತ ಕಾಲಿನ ಹರಡಿನ ಮೇಲೆ ಬೀಳಬೇಕು. ಬಿದ್ದರೆ ನೋಡುವವರಿಗೆ 'ನಿಂತಿದೆ' ಅನ್ನಿಸುತ್ತದೆ; ಅಡಿಪಾಯ ಅವರು ಹಿಡಿದ 10 ಸೆಂ.ಮೀ. ದೂರವೂ ಸೊನ್ನೆಯ ಹತ್ತಿರ ಬರುತ್ತದೆ. ಕಣ್ಣಿಗೆ ಬೇಕಾದದ್ದೂ ಲೋಹಕ್ಕೆ ಬೇಕಾದದ್ದೂ ಇಲ್ಲಿ ಒಂದೇ ಗೆರೆ.

ಎರಡನೇ ತಪ್ಪು, ಕೈಕಾಲುಗಳನ್ನು ಮುಚ್ಚಿದ ಕೊಳವೆ ಮಾಡಿ ಮಂಡಿ ಮೊಣಕೈಯಲ್ಲಿ ಕೀಲು ತೋರಿಸುವುದು. ಮಂಡಿಯನ್ನು ಮಾಡಬೇಡಿ, ಅಲ್ಲಿ ದಿಕ್ಕು ಬದಲಿಸಿ ಅಷ್ಟೇ. ಉಬ್ಬು ಇರುವಲ್ಲಿ ತಗ್ಗು ಕೊಟ್ಟು ನೋಡಿ: ಮೀನಖಂಡಕ್ಕೆ ಒಳಬಾಗಿದ ತಗಡು ಇಟ್ಟರೆ ಅದರೊಳಗೆ ನೆರಳು ನಿಂತು ದುಂಡಗೆ ಓದಿಸಿಕೊಳ್ಳುತ್ತದೆ. ಸ್ಪೇನಿನ ಶಿಲ್ಪಿ ಗರ್ಗಾಯೊ 1933ರಲ್ಲಿ ಮಾಡಿದ 'ಪ್ರವಾದಿ' (235 ಸೆಂ.ಮೀ.) ಇದರ ದೊಡ್ಡ ಪಾಠ, ಎದೆ ಹೊಟ್ಟೆಯ ಜಾಗದಲ್ಲಿ ಹೆಚ್ಚಿನ ಪಾಲು ಬರೀ ಗಾಳಿ, ಸುತ್ತಲಿನ ಅಂಚುಗಳೇ ಅದಕ್ಕೆ ಮೈ ಕೊಡುತ್ತವೆ. ಅದೇ ದೇಶದ ಹೂಲಿಯೋ ಗೊನ್ಸಾಲೆಸ್ ಇನ್ನೂ ಮುಂದೆ ಹೋದವರು. 1918ರಲ್ಲಿ ರೆನೋ ಕಾರ್ಖಾನೆಯಲ್ಲಿ ಗ್ಯಾಸ್ ವೆಲ್ಡಿಂಗ್ ಕಲಿತು, 1928ರಿಂದ ಪಿಕಾಸೊಗೆ ಲೋಹದ ಕೆಲಸದಲ್ಲಿ ಕೈಜೋಡಿಸಿ, ಕೊನೆಗೆ ಖಾಲಿಯಲ್ಲಿ ಗೆರೆ ಎಳೆಯುವುದೇ ಶಿಲ್ಪ ಎಂಬಲ್ಲಿಗೆ ಬಂದರು. ತಲೆ ಬಾಚುವ ಹೆಂಗಸಿನ ಅವರ ಆಕೃತಿಗಳಲ್ಲಿ ಕೂದಲು ನಾಲ್ಕಾರು ಕಡ್ಡಿಗಳು, ಅಷ್ಟೇ. ಆದರೆ ಅವು ಹೊರಟ ದಿಕ್ಕು ಸರಿಯಾಗಿದೆ.

ತಗಡಿನ ತುಂಡು ಎಷ್ಟಿವೆ ನಿಮ್ಮಲ್ಲಿ? ಹದಿನೈದಕ್ಕಿಂತ ಹೆಚ್ಚಿದ್ದರೆ ಅರ್ಧಕ್ಕೆ ಇಳಿಸಿ. ರಟ್ಟಿನ ಪೂರ್ಣ ಅಳತೆಯ ಅಚ್ಚು ಮಾಡಿ ಟೇಪಿನಲ್ಲಿ ಅಂಟಿಸಿ, ಹಿಂದಿನಿಂದ ದೀಪ ಇಟ್ಟು ಹತ್ತು ಮೀಟರ್ ದೂರದಿಂದ ನೋಡಿ. ಒಂದೊಂದೇ ತುಂಡು ತೆಗೆಯುತ್ತಾ ಹೋಗಿ. ತೆಗೆದಾಗ ಏನೂ ಕೆಡದಿದ್ದರೆ ಆ ತುಂಡು ಬೇಕಾಗಿರಲಿಲ್ಲ. ಗರ್ಗಾಯೊ ಕೂಡ ತಗಡು ಕತ್ತರಿಸುವ ಮೊದಲು ರಟ್ಟಿನ ಅಚ್ಚು ಮಾಡಿಕೊಳ್ಳುತ್ತಿದ್ದವರು.

ಪಕ್ಕದ ನೋಟ ಮರೆಯಬೇಡಿ. ಸರಳು-ತಗಡಿನ ಆಕೃತಿಗಳು ಎದುರಿನಿಂದ ಚಂದ, ಪಕ್ಕದಿಂದ ಬೇಲಿ. ಪ್ರತಿ ತಗಡೂ ಮುಂಭಾಗದ ಸಮತಲದಿಂದ ಕನಿಷ್ಠ 20 ಡಿಗ್ರಿ ಹೊರಳಿರಲಿ. ತಲೆ 21 ಸೆಂ.ಮೀ. ಇದ್ದರೆ ಸಹಜ ಪ್ರಮಾಣ, 16-17ಕ್ಕೆ ಇಳಿಸಿದರೆ ದೇಹ ಎತ್ತರ ಬೆಳೆದ ಹಾಗೆ ಕಾಣುತ್ತದೆ.

ತಗಡುರೇಖೆ

ತುಂಡು 19 ಇದೆ. ಭುಜ ಸೊಂಟ ಎರಡೂ ಮಟ್ಟಸ. ಸಿಕ್ಕಿಬಿದ್ದೆ.

ಪೈಪು ಹಾಕಿದರೆ ಕಾಲು ದಪ್ಪ ಕಾಣುವುದಿಲ್ಲವೇ? ಬೆಸುಗೆಯ ಕ್ರಮವನ್ನೂ ಯಾರಾದರೂ ಹೇಳಿ. 2 ಮಿ.ಮೀ. ತಗಡು ಸೊಟ್ಟ ಹೋಗುವುದು ದೊಡ್ಡ ತಲೆನೋವು.

ಖಾಲಿಜಾಗ

42 ಮಿ.ಮೀ. ಅಂದರೆ ನಿಜವಾದ ಕಾಲಿಗಿಂತ ಸಪೂರವೇ. ಪೈಪಿನ ಹಿಂದೆ ಒಳಬಾಗಿದ ತಗಡು ಬಂದರೆ ಅದು ಆ ನೆರಳಿನಲ್ಲಿ ಮೂಳೆಯ ಹಾಗೆ ಕೂರುತ್ತದೆ. ಮುಚ್ಚಬೇಡಿ.

ಕಿಡಿಗಣ್ಣು

ಬೆಸುಗೆ ಆರುವಾಗ ಕುಗ್ಗುತ್ತದೆ, ಕುಗ್ಗುವಾಗ ತಗಡನ್ನು ತನ್ನ ಕಡೆ ಎಳೆಯುತ್ತದೆ. ಸೊಟ್ಟ ಹೋಗುವುದಕ್ಕೆ ಇದಕ್ಕಿಂತ ಬೇರೆ ರಹಸ್ಯವಿಲ್ಲ. ಉಳಿದದ್ದೆಲ್ಲ ಆ ಎಳೆತವನ್ನು ಹಂಚುವ ಉಪಾಯ.

ಕೂಡುವ ಅಂಚಿನಿಂದ 25 ಮಿ.ಮೀ.ವರೆಗೆ, ಉಕ್ಕಿನ ಮೇಲೆ ಕಾರ್ಖಾನೆಯಿಂದಲೇ ಬಂದ ಕಪ್ಪು ಪದರ ಕೆರೆದು ಹೊಳೆಯುವ ಲೋಹ ಬರಿಸಿ. ಇಡೀ ಆಕೃತಿಯನ್ನು ಟ್ಯಾಕ್‌ನಲ್ಲೇ ನಿಲ್ಲಿಸಿ. ಕಾಲು ಪೂರ್ತಿ ಬೆಸೆದು ಆಮೇಲೆ ಮುಂಡಕ್ಕೆ ಬರುವುದು ಬೇಡ, ಬಂದರೆ ಗುಂಡಿನ ದಾರ ಎಲ್ಲೋ ಬೀಳುತ್ತದೆ. ತಗಡಿಗೆ 50 ಮಿ.ಮೀ.ಗೊಂದು ಟ್ಯಾಕ್, ಒಂದೊಂದು 5-6 ಮಿ.ಮೀ. ಉದ್ದ, ಎರಡು ತುದಿ, ನಡು, ಅವುಗಳ ನಡು, ಹೀಗೆ. ಟ್ಯಾಕ್ ಮುಗಿದ ಮೇಲೆ ಮತ್ತೆ ದಾರ ಇಳಿಬಿಟ್ಟು ನೋಡಿ. ತಪ್ಪಿದ್ದರೆ ಈಗ ಕತ್ತರಿಸುವುದು ಸುಲಭ.

ಬೆಸುಗೆ 25 ಮಿ.ಮೀ. ಹಾಕಿ, 75 ಬಿಡಿ, ಎದುರು ಬದಿಗೆ ಹೋಗಿ. ಕೈ ಇಡುವಷ್ಟು ಆರಿದ ಮೇಲೆ ಬಿಟ್ಟ ಜಾಗಕ್ಕೆ ಬನ್ನಿ. ನೀರು ಹಾಕಿ ಆರಿಸಬೇಡಿ. ಮಿಗ್ (ತಂತಿ ತಾನಾಗಿ ಬರುವ, ಗ್ಯಾಸ್ ಹೊದಿಕೆಯ ಬೆಸುಗೆ) ಆದರೆ 0.8 ಮಿ.ಮೀ. ತಂತಿ, ಆರ್ಗಾನ್ 80 ಇಂಗಾಲದ ಡೈಆಕ್ಸೈಡ್ 20ರ ಮಿಶ್ರಣ. ಆರ್ಕ್ (ರಾಡಿನ ಬೆಸುಗೆ) ಆದರೆ 2.5 ಮಿ.ಮೀ.ನ 6013 ವೆಲ್ಡಿಂಗ್ ರಾಡು, 65ರಿಂದ 80 ಆಂಪಿಯರ್, 2 ಮಿ.ಮೀ. ತಗಡಿನ ಅಂಚಿನಲ್ಲಿ ಇದು ತೂತು ಬೀಳಿಸುವುದು ಸುಲಭ. ದಪ್ಪ ಸರಳಿಗೆ ತೆಳು ತಗಡು ಕೂಡಿಸುವಾಗ ಕಿಡಿಯನ್ನು ಸರಳಿನ ಮೇಲೆ ಇಡಿ, ಕರಗಿದ್ದು ತಾನಾಗಿ ತಗಡಿಗೆ ಹರಿಯಲಿ. ತಗಡಿನ ಮೇಲೇ ಇಟ್ಟರೆ ಅದು ಸುಟ್ಟುಹೋಗುತ್ತದೆ, ಸರಳು ಮಾತ್ರ ಹಿಡಿದಿರುವುದಿಲ್ಲ. ನೋಡಲು ಕೂಡಿದಂತೆಯೇ ಕಾಣುತ್ತದೆ, ಒಂದು ಏಟಿಗೆ ಕಳಚುತ್ತದೆ.

ಒಳಬಾಗಿದ ತಗಡಿನ ಒಳಮೈಯಲ್ಲಿ ಬೆಸೆದರೆ ಅಂಚುಗಳು ಇನ್ನಷ್ಟು ಒಳಗೆ ಬರುತ್ತವೆ. ಎರಡು ಮೂರು ಡಿಗ್ರಿ ಹೆಚ್ಚು ಬಿಚ್ಚಿಟ್ಟುಕೊಂಡು ಶುರು ಮಾಡಿ. ಆಗಲೇ ಎಳೆದಿದ್ದರೆ ಹಿಂದೆ ಕಬ್ಬಿಣದ ಗಟ್ಟಿ ಹಿಡಿದು ಬೆಸುಗೆಯ ಗೆರೆಯ ಮೇಲೆ ಸುತ್ತಿಗೆಯಿಂದ ಹಗುರವಾಗಿ ಬಡಿಯುತ್ತಾ ಹೋಗಿ. ಕುಗ್ಗಿದ್ದು ಹಿಗ್ಗಿ ತಗಡು ಹಿಂದಕ್ಕೆ ಬರುತ್ತದೆ.

ಜೀವಕ್ಕೆ ಸಂಬಂಧಪಟ್ಟವು ಮೂರು. ಸತು ಲೇಪಿಸಿದ ಗುಜರಿ ತಗಡು ಬೆಸೆದರೆ ಬಿಳಿ ಹೊಗೆ, ಅದರಿಂದ ಆ ರಾತ್ರಿ ಚಳಿಜ್ವರ. ಲೇಪ ತೆಗೆಯದೆ ಮುಟ್ಟಬೇಡಿ. ಪೂರ್ತಿ ಮುಚ್ಚಿದ ಟೊಳ್ಳನ್ನು ಬೆಸೆಯುವ ಮೊದಲು 4 ಮಿ.ಮೀ. ತೂತು ಕೊರೆಯಿರಿ, ಒಳಗಿನ ತೇವ ಆವಿಯಾಗಿ ಸಿಡಿಯಬಹುದು. ಕ್ಲೋರಿನ್ ಇರುವ ಎಣ್ಣೆ ತೆಗೆಯುವ ಸ್ಪ್ರೇಗಳನ್ನು ಬೆಸುಗೆಯ ಹತ್ತಿರ ತರಲೇಬೇಡಿ. ಆರ್ಕ್‌ನ ಬೆಳಕು ಮತ್ತು ಶಾಖಕ್ಕೆ ಅದು ಫಾಸ್ಜೀನ್ ಎಂಬ ವಿಷಾನಿಲವಾಗುತ್ತದೆ.

ನಯಗಾರ

ಕೊನೆಗೆ ಎಲ್ಲ ಬೆಸುಗೆಯನ್ನೂ ಗ್ರೈಂಡ್ ಮಾಡಿ ಮಟ್ಟಸ ಮಾಡಿ. 60 ನಂಬರಿನ ಫ್ಲ್ಯಾಪ್ ಡಿಸ್ಕು (ಉಜ್ಜುಕಾಗದದ ಎಸಳುಗಳ ಚಕ್ರ), ಆಮೇಲೆ 120. ಉಂಡೆ ಉಂಡೆ ಬೆಸುಗೆ ಕಂಡರೆ ಗೇಟಿನ ಕೆಲಸದ ಹಾಗಿರುತ್ತದೆ.

ಕಿಡಿಗಣ್ಣು

ನಯಗಾರರೇ, ಒಪ್ಪಲಾರೆ. 2 ಮಿ.ಮೀ. ತಗಡಿನಲ್ಲಿ ಬೆಸುಗೆ ಮಟ್ಟಸ ಮಾಡಲು ಹೋದರೆ ಪಕ್ಕದ ತಗಡು ಒಂದೂಕಾಲಿಗೆ ಸವೆಯುತ್ತದೆ, ಡಿಸ್ಕಿನ ಶಾಖಕ್ಕೆ ಅಲೆ ಏಳುತ್ತದೆ. ಬೆಸುಗೆ ಕಾಣಬಾರದು ಎಂದರೆ ಹಿಂಬದಿಯಿಂದ ಹಾಕಿ, ಇಲ್ಲವೇ ಟಂಗ್‌ಸ್ಟನ್ ಕಡ್ಡಿಯ ನಯ ಬೆಸುಗೆಯಾದ ಟಿಗ್‌ನಲ್ಲಿ ಸಣ್ಣಗೆ ಹಾಕಿ. ಕೆಟ್ಟ ಬೆಸುಗೆಯನ್ನು ಉಜ್ಜಿ ಅಡಗಿಸಿದರೆ ಗಟ್ಟಿಯೂ ಹೋಯಿತು, ನಯವೂ ಬರಲಿಲ್ಲ.

ಖಾಲಿಜಾಗ

ಗೊನ್ಸಾಲೆಸ್‌ನಲ್ಲಿ ಬೆಸುಗೆಯ ಗಂಟು ಕಾಣುತ್ತದೆ, ಅದು ಕೈಬರಹ. ಅಮೆರಿಕದ ಶಿಲ್ಪಿ ಡೇವಿಡ್ ಸ್ಮಿತ್ 1961ರಿಂದ 65ರವರೆಗೆ ಮಾಡಿದ 'ಕ್ಯೂಬಿ' ಸರಣಿಯಲ್ಲಿ (ಡಬ್ಬಗಳನ್ನು ಪೇರಿಸಿದಂಥ ಶಿಲ್ಪಗಳು) ಸ್ಟೇನ್‌ಲೆಸ್ ಮೈಮೇಲೆ ಗ್ರೈಂಡರಿನ ಸುಳಿಗಳನ್ನೇ ಬೇಕೆಂದು ಬಿಟ್ಟರು. ಬಿಸಿಲು ಅವುಗಳಲ್ಲಿ ಚೆದುರಿ ಡಬ್ಬದ ತೂಕವೇ ಕರಗುತ್ತದೆ. ಎರಡೂ ಸರಿ. ಅರ್ಧ ಉಜ್ಜಿ ಅರ್ಧ ಬಿಟ್ಟದ್ದು ಮಾತ್ರ ಮುಗಿಯದ ಕೆಲಸದ ಹಾಗೆ ಕಾಣುತ್ತದೆ.

ನಯಗಾರ

ಸರಿ, ಸ್ಟೇನ್‌ಲೆಸ್‌ಗೆ ಹೇಳಿದ್ದನ್ನು ಇಲ್ಲಿಗೆ ತಂದೆ. ಸ್ಟೇನ್‌ಲೆಸ್‌ಗೆ ಬದಲಾಯಿಸುವ ಯೋಚನೆ ಇದ್ದರೆ ಇಷ್ಟು ನೆನಪಿಡಿ: ಬಿಸಿಗೆ ಹಿಗ್ಗುವುದು ಮೈಲ್ಡ್ ಸ್ಟೀಲಿಗಿಂತ ಸುಮಾರು ಒಂದೂವರೆ ಪಟ್ಟು, ಶಾಖ ಸಾಗಿಸುವುದು ಮೂರರಲ್ಲಿ ಒಂದು ಪಾಲು. ಹಾಗಾಗಿ ಸೊಟ್ಟ ಹೋಗುವುದೂ ಜಾಸ್ತಿ. ಮೈಲ್ಡ್ ಸ್ಟೀಲಿಗೆ ಬಳಸಿದ ಬ್ರಷ್ಷು, ಡಿಸ್ಕು ಮುಟ್ಟಿಸಿದರೆ ಮಳೆ ಬಿದ್ದ ಮೇಲೆ ತುಕ್ಕಿನ ಚುಕ್ಕೆ ಗ್ಯಾರಂಟಿ.

ತುಕ್ಕುಬಣ್ಣ

ಮೂರನೇ ಪ್ರಶ್ನೆಗೆ ಬರೋಣ. ಮೈಲ್ಡ್ ಸ್ಟೀಲನ್ನು ಬಯಲಲ್ಲಿ ತುಕ್ಕಿಗೆ ಬಿಡಬೇಡಿ. ಅದರ ತುಕ್ಕು ಪದರಪದರವಾಗಿ ಉದುರುತ್ತದೆ, ಕೆಳಗೆ ಹೊಸದು ಹುಟ್ಟುತ್ತದೆ, ತಗಡು ಮುಗಿಯುವವರೆಗೂ ನಿಲ್ಲುವುದಿಲ್ಲ. ದೊಡ್ಡ ಶಿಲ್ಪಗಳಲ್ಲಿ ಕಾಣುವ ಸ್ಥಿರವಾದ ಕಂದು ಬಣ್ಣ ಕಾರ್-ಟೆನ್‌ನಂಥ ಬೇರೆ ಉಕ್ಕಿನದು. ಅದರಲ್ಲಿ ತಾಮ್ರ, ಕ್ರೋಮಿಯಂ, ನಿಕಲ್ ಸ್ವಲ್ಪ ಸ್ವಲ್ಪ ಇರುತ್ತವೆ. ತುಕ್ಕು ದಟ್ಟವಾಗಿ ಅಂಟಿಕೊಂಡು ಒಳಗಿನದನ್ನು ಕಾಯುತ್ತದೆ. 1967ರ ಶಿಕಾಗೋದ ಪಿಕಾಸೊ ಆ ಉಕ್ಕಿನದೇ, 15 ಮೀಟರ್ ಎತ್ತರ. ಬ್ರಿಟಿಷ್ ಶಿಲ್ಪಿ ಗಾರ್ಮ್ಲಿಯ 'ಏಂಜೆಲ್ ಆಫ್ ದಿ ನಾರ್ತ್' (1998) ಕೂಡ: 20 ಮೀಟರ್ ಎತ್ತರ, ರೆಕ್ಕೆ 54 ಮೀಟರ್, 200 ಟನ್. ಗಂಟೆಗೆ 160 ಕಿ.ಮೀ. ಮೀರಿದ ಗಾಳಿಯನ್ನೂ ತಡೆಯುವಂತೆ ಕಟ್ಟಿದ್ದು, ಕೆಳಗೆ 600 ಟನ್ ಕಾಂಕ್ರೀಟು ಹಿಡಿದುಕೊಂಡಿದೆ. ಅಷ್ಟು ದೊಡ್ಡದರಲ್ಲೂ ಎಲ್ಲ ಬಲ ಇಳಿಯುವುದು ಹರಡಿನ ಮೂಲಕವೇ!

ಕಾರ್-ಟೆನ್ ತಂದರೂ ಷರತ್ತುಗಳಿವೆ. ಅದು ಒದ್ದೆಯಾಗಬೇಕು, ಒಣಗಬೇಕು, ಮತ್ತೆ ಒದ್ದೆಯಾಗಬೇಕು. ನೀರು ನಿಲ್ಲುವ ಬಟ್ಟಲಿನಂಥ ತಗಡು, ಎರಡು ತಗಡು ಒತ್ತಿಕೊಂಡ ಸಂದು, ಎಲೆ ತುಂಬುವ ಮೂಲೆ, ಇಲ್ಲೆಲ್ಲ ಅದೂ ಸಾಮಾನ್ಯ ಉಕ್ಕಿನ ಹಾಗೆಯೇ ತಿನ್ನಿಸಿಕೊಳ್ಳುತ್ತದೆ. ಸಮುದ್ರದ ಉಪ್ಪುಗಾಳಿಯಲ್ಲೂ ಅಷ್ಟೆ. ಮೊದಮೊದಲು ಕಂದು ನೀರು ಸುರಿಸಿ ಕೆಳಗಿನ ಕಲ್ಲಿಗೆ ಕಲೆ ಹಚ್ಚುತ್ತದೆ.

ಒಳಾಂಗಣಕ್ಕೆ ಮಾತ್ರ ತುಕ್ಕಿನ ಬಣ್ಣ ಬೇಕಿದ್ದರೆ: ಶೇ. 3ರ ಹೈಡ್ರೋಜನ್ ಪೆರಾಕ್ಸೈಡ್ 500 ಮಿ.ಲೀ., ವಿನಿಗರ್ 60 ಮಿ.ಲೀ., ಉಪ್ಪು 7-8 ಗ್ರಾಂ. ಕಪ್ಪು ಪದರ ಪೂರ್ತಿ ತೆಗೆದು, ಎಣ್ಣೆ ಒರೆಸಿ, ಬಿಸಿಲಲ್ಲಿ ಸಿಂಪಡಿಸಿ. ಒಣಗಿಸಿ ಮತ್ತೆ ನಾಲ್ಕೈದು ಸಲ. ಬಾಟಲಿಯ ಮುಚ್ಚಳ ಬಿಗಿ ಮಾಡಿಡಬೇಡಿ, ಅನಿಲ ಕಟ್ಟಿ ಒಡೆಯುತ್ತದೆ. ಆಮೇಲೆ ನೀರಿನಲ್ಲಿ ಚೆನ್ನಾಗಿ ತೊಳೆದು ಒಣಗಿಸಿ ಮೇಣ ಹಚ್ಚಿ. ತೊಳೆಯದೆ ವಾರ್ನಿಶ್ ಬಳಿದರೆ ಒಳಗುಳಿದ ಉಪ್ಪು ತೇವ ಎಳೆದು ಗುಳ್ಳೆ ಎಬ್ಬಿಸುತ್ತದೆ.

ನಿಮ್ಮ ಬಯಲಿನ ಆಕೃತಿಗೆ ಬಣ್ಣವೇ ದಾರಿ. ಮರಳು ಬ್ಲಾಸ್ಟಿಂಗ್, ಅದೇ ದಿನ ಸತು ತುಂಬಿದ ಎಪಾಕ್ಸಿ ಪ್ರೈಮರ್ 60-75 ಮೈಕ್ರಾನ್, ನಡುವೆ ಎಪಾಕ್ಸಿ 100, ಮೇಲೆ ಹೊಳಪಿಲ್ಲದ ಪಾಲಿಯುರೆಥೇನ್ 50. ಚೂಪು ಅಂಚಿನಲ್ಲಿ ಬಣ್ಣ ನಿಲ್ಲುವುದಿಲ್ಲ, ಎಲ್ಲ ಅಂಚನ್ನೂ ದುಂಡಗೆ ಮಾಡಿ. ಬಿಸಿ ಸತುವಿನಲ್ಲಿ ಅದ್ದಿಸುವ ಯೋಚನೆ ಬೇಡ. ತೊಟ್ಟಿ 450 ಡಿಗ್ರಿ ಸೆಲ್ಸಿಯಸ್ ಇರುತ್ತದೆ, 2 ಮಿ.ಮೀ. ತಗಡು ಹಪ್ಪಳದ ಹಾಗೆ ಏಳುತ್ತದೆ, ಮುಚ್ಚಿದ ಟೊಳ್ಳಿದ್ದರೆ ಸಿಡಿಯುತ್ತದೆ.

ಹೊಸಗಣ್ಣು

ನಡುವೆ ಬಾಯಿ ಹಾಕ್ತಿದ್ದೀನಿ. ಇದನ್ನೇ ಕಂಚಿನಲ್ಲಿ ಹೊಯ್ದರೆ ತುಕ್ಕಿನ ಗೋಳೇ ಇರೋದಿಲ್ಲ ಅಲ್ವಾ?

ಮೇಣದಚ್ಚು

ತುಕ್ಕಿನ ಗೋಳು ಇಲ್ಲ, ಬೇರೆ ಗೋಳುಗಳಿವೆ. ಮೊದಲು ಮೇಣದಲ್ಲಿ ಆಕೃತಿ ಮಾಡಿ, ಸುತ್ತ ಅಚ್ಚು ಕಟ್ಟಿ, ಮೇಣ ಕರಗಿಸಿ ತೆಗೆದ ಜಾಗಕ್ಕೆ ಕಂಚು ಹೊಯ್ಯುವುದು ಈ ಎರಕ; ಅದಕ್ಕೆ ಮೇಣದ ಗೋಡೆ 4-5 ಮಿ.ಮೀ. ಬೇಕು. 2 ಮಿ.ಮೀ. ತಗಡು ಕೊಟ್ಟರೆ ಲೋಹ ಅರ್ಧ ದಾರಿಯಲ್ಲೇ ಹೆಪ್ಪುಗಟ್ಟಿ ತೂತು ಉಳಿಯುತ್ತದೆ. 0.9 ಚದರ ಮೀಟರ್ 4 ಮಿ.ಮೀ. ದಪ್ಪವಾದರೆ ತಗಡಿನ ಭಾಗವೇ 30 ಕೆ.ಜಿ. ದಾಟುತ್ತದೆ. ಮೇಣದ ತೂಕವನ್ನು ಒಂಬತ್ತರಿಂದ ಹತ್ತು ಪಟ್ಟು ಮಾಡಿ, ಲೋಹ ಹೊಯ್ಯುವ ಕಾಲುವೆ-ಬಟ್ಟಲಿಗೂ ಸೇರಿಸಿದರೆ ಕರಗಿಸಬೇಕಾದ ಕಂಚಿನ ಅಂದಾಜು ಸಿಗುತ್ತದೆ. ಆರುವಾಗ ಶೇ. ಒಂದೂವರೆ ಎರಡರಷ್ಟು ಕುಗ್ಗುತ್ತದೆ, ಅಂದರೆ 160ಕ್ಕೆ ಮೂರು ಸೆಂ.ಮೀ.ವರೆಗೆ.

ಸಿರಾಮಿಕ್ ಚಿಪ್ಪಿನಲ್ಲಿ ಮಾಡುವವರು ಏಳೆಂಟು ಪದರ ಅದ್ದಿ, ಪ್ರತಿ ಪದರ ಪೂರ್ತಿ ಒಣಗಿಸಿ, ಮೇಣವನ್ನು ಒಮ್ಮೆಗೇ ಭಾರಿ ಬಿಸಿಗೆ ಒಡ್ಡಿ ಇಳಿಸುತ್ತಾರೆ. ನಿಧಾನ ಬಿಸಿ ಮಾಡಿದರೆ ಮೇಣ ಕರಗುವ ಮೊದಲೇ ಹಿಗ್ಗಿ ಚಿಪ್ಪು ಸೀಳುತ್ತದೆ. ತಾಮ್ರ 95, ಸಿಲಿಕಾನ್ 4, ಮ್ಯಾಂಗನೀಸ್ 1 ಇರುವ ಕಂಚನ್ನು 1,100 ಡಿಗ್ರಿ ಮೇಲೆ ಹೊಯ್ಯುತ್ತಾರೆ.

ಮುಖ್ಯ ಮಾತು ಬೇರೆ. ಸರಳು-ತಗಡಿನಲ್ಲಿ ಹುಟ್ಟಿದ ಆಕೃತಿಯನ್ನು ಎರಕಕ್ಕೆ ಹೊತ್ತೊಯ್ದರೆ ಅದರ ಅಂಚಿನ ಹರಿತ ಹೋಗುತ್ತದೆ. ಇಟಲಿಯ ಬೊಚ್ಚೋನಿ 1913ರಲ್ಲಿ ಮಾಡಿದ ನಡೆಯುವ ಆಕೃತಿ ಪ್ಲಾಸ್ಟರಿನದು, ಕಂಚಿಗೆ ಬಂದದ್ದು ಅವರು ತೀರಿಕೊಂಡ ಮೇಲೆ; ಉಬ್ಬು ಹರಿವಿನ ರೂಪವಾದ್ದರಿಂದ ಎರಕ ಅದಕ್ಕೆ ಒಗ್ಗಿತು. ತಗಡುರೇಖೆ ಅವರದ್ದು ಒಗ್ಗುವ ಜಾತಿಯಲ್ಲ. ನಡುವಿನ ದಾರಿ ಬೇಕಿದ್ದರೆ ಬ್ರಿಟಿಷ್ ಶಿಲ್ಪಿ ಲಿನ್ ಚಾಡ್ವಿಕ್ ಮಾಡಿದ್ದು ನೋಡಬಹುದು: ಸರಳುಗಳನ್ನು ಬೆಸೆದು ಪಂಜರ ಕಟ್ಟಿ, ನಡುವಿನ ಜಾಗಕ್ಕೆ ಜಿಪ್ಸಮ್ ಮತ್ತು ಕಬ್ಬಿಣದ ಪುಡಿ ಬೆರೆಸಿದ ಗಾರೆ ತುಂಬಿ ಕೆರೆಯುವುದು. ಸರಳು ಮೂಳೆಯ ಹಾಗೆ ಹೊರಗೇ ಕಾಣುತ್ತದೆ.

ಅಡಿಪಾಯ

ತಳದ ಬಗ್ಗೆ ಯಾರೂ ಕೇಳಲಿಲ್ಲ. 10 ಮಿ.ಮೀ. ದಪ್ಪ, 50×50 ಸೆಂ.ಮೀ. ಬೇಸ್ ಪ್ಲೇಟು 19.6 ಕೆ.ಜಿ.; ಆಕೃತಿ ಸೇರಿ 43. ಭಾರದ ಕೇಂದ್ರ ಪ್ಲೇಟಿನ ನಟ್ಟನಡುವೆ ಇದ್ದರೂ 140 ಸೆಂ.ಮೀ. ಎತ್ತರದಲ್ಲಿ ಏಳೂವರೆ ಕೆ.ಜಿ. ತಳ್ಳಿದರೆ ಉರುಳುತ್ತದೆ. ಮಗು ಜೋತುಬಿದ್ದರೆ ಸಾಕು. ಆದ್ದರಿಂದ ನೆಲಕ್ಕೆ ಬಿಗಿಯಲೇಬೇಕು: ನಾಲ್ಕು ಮೂಲೆಗೆ 12 ಮಿ.ಮೀ. ಆಂಕರ್ ಬೋಲ್ಟು, ಕಾಂಕ್ರೀಟಿನೊಳಗೆ 100 ಮಿ.ಮೀ.

ಕಾಲನ್ನು ಪ್ಲೇಟಿನ ಮೇಲೆ ಕೂರಿಸಿ ಸುತ್ತ ಬೆಸೆಯಬೇಡಿ. 43.5 ಮಿ.ಮೀ. ತೂತು ಕೊರೆದು ಪೈಪನ್ನು ಕೆಳಗಿನವರೆಗೆ ಇಳಿಸಿ, ಅಡಿಯಿಂದ ಅಂಚು ಓರೆ ಮಾಡಿ ಪೂರ್ತಿ ಬೆಸೆದು ಮಟ್ಟಸ ಮಾಡಿ. ಮೇಲೆ ನೀರು ಇಳಿಯದ ಹಾಗೆ ಒಂದು ಸಣ್ಣ ಸುತ್ತು ಸಾಕು. ಕಾಲು ಪ್ಲೇಟಿನಿಂದ ಮೊಳೆತ ಹಾಗೆ ಕಾಣುತ್ತದೆ. ಎಡಗಾಲಿನ ತುದಿಯನ್ನೂ ಹೀಗೇ ಇಳಿಸಿ ಬೆಸೆಯಿರಿ. ಎರಡೂ ಪಾದ ಕೂಡಿಸುವ ಗೆರೆಯ ಉದ್ದಕ್ಕೂ ಆಗ ಗಟ್ಟಿ ಸಿಗುತ್ತದೆ. ಅಡ್ಡಕ್ಕೆ ಮಾತ್ರ ಬಲಗಾಲೇ ಹೊರಬೇಕು.

ತಗಡುರೇಖೆ

ಹೀಗೆ ತಿದ್ದಿದೆ: ಕೆಳಗಾಲಿಗೆ 42.4 ಪೈಪು 46 ಸೆಂ.ಮೀ., ತೊಡೆಗೆ 33.7 ಪೈಪು 38 ಸೆಂ.ಮೀ., ಸೊಂಟದ ಮೇಲೆ 10 ಮಿ.ಮೀ. ಸರಳು 8 ಮೀಟರ್, ತಗಡು 19ರಿಂದ 8 ತುಂಡು. ಭುಜದ ಓರೆ 10 ಡಿಗ್ರಿ. ರಟ್ಟಿನ ಅಚ್ಚಿನಲ್ಲಿ ದಾರ ಹರಡಿಗಿಂತ 2 ಸೆಂ.ಮೀ. ಮುಂದೆ ಬೀಳುತ್ತಿದೆ. ಪೈಪಿನ ತಳಕ್ಕೆ ಮುಚ್ಚಳ ಬೆಸೆಯಬೇಕಾ?

ಅಡಿಪಾಯ

ಮುಚ್ಚಳ ಬೇಡ. ತಳ ತೆರೆದೇ ಇರಲಿ, ಒಳಗೆ ಇಳಿದ ನೀರು ಹಾಗೇ ಹೋಗುತ್ತದೆ. ಪ್ಲೇಟಿನ ಅಡಿಗೆ ಬೋಲ್ಟುಗಳ ಜಾಗದಲ್ಲಿ ವಾಷರ್ ಕೊಟ್ಟು ನೆಲದಿಂದ 8-10 ಮಿ.ಮೀ. ಎತ್ತಿಡಿ. ಎರಡು ಸೆಂ.ಮೀ. ಮುಂದೆ ಬಿದ್ದರೆ ತೊಂದರೆ ಇಲ್ಲ, ಪಾದ ಇರುವುದೂ ಮುಂದಕ್ಕೇ.

ಖಾಲಿಜಾಗ

ಎಂಟರಲ್ಲಿ ಮುಖದ ತಗಡು ಸೇರಿದೆಯಾ? ಸೇರಿದ್ದರೆ ಅದನ್ನು ಕೊನೆಗೆ ಟ್ಯಾಕ್ ಹಾಕಿ. ತಲೆಯ ಓರೆ ಭುಜದ ಓರೆಗೆ ಎದುರು ಇರಬೇಕು, ಎಷ್ಟು ಎನ್ನುವುದು ಮುಂಡ ನಿಂತ ಮೇಲೆಯೇ ಕಾಣುವುದು.